ಉಕ್ಕಿನ ಹಗ್ಗ ಹಿಡಿಯುವ ಮುನ್ನ

ಮಗಳೇ,

ಆಫೀಸಿನ ಗೆಳೆಯರು ಆಗಸ್ಟಿನಲ್ಲಿ ಹೊಲ್ಲೆಂಟಾಲ್ ಕಣಿವೆಯ ಮೂಲಕ ತ್ಸುಗ್‌ಸ್ಪಿಟ್ಸೆ ಶಿಖರ ಹತ್ತಲು ಕರೆಯುತ್ತಿದ್ದಾರೆ, ಗೈಡ್ ಕೂಡ ಇರುತ್ತಾರಂತೆ, ಹೋಗಲೇ ಎಂದು ಕೇಳಿದ್ದೀಯ. ಹೋಗು. ಮ್ಯೂನಿಕ್‌ನಲ್ಲಿದ್ದುಕೊಂಡು, ನಿನ್ನ ವಯಸ್ಸಿನಲ್ಲಿ, ಬೇಸಿಗೆಯೆಲ್ಲ ಮನೆಯೊಳಗೆ ಕಳೆಯುವುದು ನನಗೂ ಸರಿಕಾಣದು. ಆದರೆ ನಿನ್ನ ಮೊದಲ ವಿಯಾ ಫೆರಾಟಾ, ಅಂದರೆ ಬಂಡೆಗೆ ಬಿಗಿದ ಉಕ್ಕಿನ ಹಗ್ಗಕ್ಕೆ ಕೊಕ್ಕೆ ಸಿಕ್ಕಿಸಿಕೊಂಡು ಹತ್ತುವ ದಾರಿ, ಅದಾಗುವುದು ಬೇಡ.

ಆ ದಾರಿ ಹೇಗಿದೆ ಕೇಳು. ಹಾಮರ್ಸ್‌ಬಾಖ್ ಊರಿನಿಂದ 2,962 ಮೀಟರ್‌ನ ತುದಿಗೆ ಸುಮಾರು 2,200 ಮೀಟರ್ ಏರಬೇಕು. ಮೊದಲು ಕೊರಕಲು, ಆಮೇಲೆ ಕಬ್ಬಿಣದ ಏಣಿ, ಆಮೇಲೆ ನುಣುಪು ಬಂಡೆಗೆ ಹೊಡೆದ ಗೂಟಗಳ ಮೇಲೆ ಅಡ್ಡ ನಡೆ. ಅದನ್ನು ದಾಟಿದರೆ ಹಿಮನದಿ, ಅಲ್ಲಿ ಬೂಟಿಗೆ ಮುಳ್ಳುಪಟ್ಟಿ ಕಟ್ಟಿಕೊಳ್ಳಬೇಕು. ಹಿಮ ಮುಗಿದು ಬಂಡೆ ಶುರುವಾಗುವಲ್ಲಿ ಒಂದು ಬಿರುಕಿದೆ. ಬೇಸಿಗೆ ಬಲಿತಂತೆ ಹಿಮ ಕರಗಿ ಅದು ಅಗಲವಾಗುತ್ತದೆ. ಇಷ್ಟೆಲ್ಲ ಆದಮೇಲೆ ಕೊನೆಯ ಗೋಡೆ. ಹತ್ತಿ ಮುಗಿಸಲು ಎಂಟು ಗಂಟೆ ಹಿಡಿದರೂ ಅಚ್ಚರಿಯಿಲ್ಲ, ಮೇಲಿನಿಂದ ಇಳಿಯುವ ಕೊನೆಯ ಕೇಬಲ್ ಕಾರ್ ತಪ್ಪಬಾರದೆಂಬ ಆತುರ ಬೇರೆ.

ಆದರೂ ಮಾರ್ಗದರ್ಶಿ ಪುಸ್ತಕದಲ್ಲಿ ಈ ದಾರಿಯ ಹೆಚ್ಚಿನ ಭಾಗಕ್ಕೆ ಬರೆದಿರುವುದು 'ಬಿ' ದರ್ಜೆ. ಎ ಎಂದರೆ ಸುಲಭ, ಇ ಎಂದರೆ ತೀರಾ ಕಷ್ಟ. ಹಾಗಾಗಿ ಬಿ ಎಂದು ನೋಡಿದವರು 'ಅಯ್ಯೋ, ಇದು ಹಗುರ' ಅಂದುಕೊಳ್ಳುತ್ತಾರೆ. ದರ್ಜೆ ಹೇಳುವುದು ಬಂಡೆಯ ಕಷ್ಟವನ್ನು ಮಾತ್ರ. ಏಳನೇ ಗಂಟೆಯಲ್ಲಿ ನಿನ್ನ ತೊಡೆ ಹೇಗೆ ನಡುಗುತ್ತದೆ ಎಂಬುದನ್ನು ಯಾವ ಅಕ್ಷರವೂ ಹೇಳುವುದಿಲ್ಲ. ಇನ್ನೊಂದು ಎಚ್ಚರ: ಫ್ರಾನ್ಸಿನ ಕಡೆ ಹೋದರೆ ಲೆಕ್ಕವೇ ಬೇರೆ. ಅಲ್ಲಿ 'ಎಫ್' ಎಂದರೆ ಸುಲಭ. ಎ, ಬಿ ಎಂದು ಬರೆಯುವ ಆಸ್ಟ್ರಿಯಾದ ಪದ್ಧತಿಯಲ್ಲಿ ಇ ದಾಟಿ ಎಫ್ ಎಂದು ಬರೆದಿದ್ದರೆ ಅದು ಪಳಗಿದವರಿಗೂ ಮಿತಿ ಮೀರಿದ್ದು. ದೊಲೊಮೈಟ್ ಬೆಟ್ಟಗಳಿಗೋ ಫ್ರಾನ್ಸಿಗೋ ಯಾರಾದರೂ ಕರೆದಾಗ, ಇದು ಯಾವ ಪದ್ಧತಿಯ ದರ್ಜೆ ಎಂದು ಮೊದಲು ಕೇಳಿಕೋ.

ಕುಮಾರ ಪರ್ವತ ಹತ್ತಿದವಳು, ಕಾಲಿಗೆ ಬಲವಿದೆ, ಗೊತ್ತು. ಆದರೆ ಅಲ್ಲಿ ಸುಸ್ತಾದರೆ ದಾರಿ ಪಕ್ಕದಲ್ಲಿ ಕೂರಬಹುದು, ಬೇಡವೆನಿಸಿದರೆ ನಡುದಾರಿಯ ಭಟ್ಟರ ಮನೆಯಿಂದಲೇ ವಾಪಸ್ ಇಳಿಯಬಹುದು. ಹಗ್ಗದ ದಾರಿಯಲ್ಲಿ ಹಿಂದೆ ಇಪ್ಪತ್ತು ಜನ ಏರಿ ಬರುತ್ತಿರುತ್ತಾರೆ, ತಿರುಗುವುದು ಸುಲಭವಲ್ಲ. ಹೊಸಬರು ಕಾಲನ್ನು ನಂಬದೆ ಹಗ್ಗವನ್ನೇ ಜಗ್ಗಿ ಮೈ ಎತ್ತುತ್ತಾರೆ. ಅರ್ಧ ಗಂಟೆಯಲ್ಲಿ ಮುಂಗೈ ಬಿಗಿದುಕೊಂಡು ಬೆರಳು ಮಾತು ಕೇಳುವುದಿಲ್ಲ. ಕೊಕ್ಕೆ ಬದಲಿಸಬೇಕಾದ್ದು ಅದೇ ಬೆರಳಲ್ಲಿ.

ಆ ಕೊಕ್ಕೆ ಬದಲಿಸುವುದೇ ಇಡೀ ವಿದ್ಯೆ. ಸೊಂಟಕ್ಕೆ ಕಟ್ಟುವ ಹಾರ್ನೆಸ್‌ನಿಂದ ಎರಡು ಪಟ್ಟಿ, ಒಂದೊಂದರ ತುದಿಗೆ ಒಂದೊಂದು ಕೊಕ್ಕೆ. ಹಗ್ಗವನ್ನು ಬಂಡೆಗೆ ಬಿಗಿದ ಗೂಟ ಬಂದಾಗ ಒಂದು ಕೊಕ್ಕೆ ಬಿಚ್ಚಿ ಗೂಟದಾಚೆಗೆ ಹಾಕು, 'ಟಕ್' ಎಂದು ಮುಚ್ಚಿದ್ದನ್ನು ಕಣ್ಣಲ್ಲಿ ನೋಡು, ಆಮೇಲೆ ಎರಡನೆಯದನ್ನು ಬಿಚ್ಚು. ಎರಡೂ ಒಟ್ಟಿಗೆ ಬಿಚ್ಚಿರುವ ಕ್ಷಣ ಇಡೀ ದಿನದಲ್ಲಿ ಒಂದೂ ಇರಕೂಡದು. ಎರಡು ಗೂಟಗಳ ನಡುವೆ ಒಬ್ಬರೇ ಇರಬೇಕು. ಮೇಲಿನವರು ಬಿದ್ದರೆ ಕೆಳಗಿನವರ ತಲೆ ಮೇಲೇ ಬರುವುದು.

ಕೊಕ್ಕೆ ಹಾಕಿದ್ದೀನಲ್ಲ, ಬಿದ್ದರೂ ಹಿಡಿಯುತ್ತದೆ ಎಂಬ ಧೈರ್ಯ ಮಾತ್ರ ಬೇಡ. ಜಾರಿದರೆ ಕೊಕ್ಕೆ ಹಗ್ಗದುದ್ದಕ್ಕೂ ಇಳಿದು ಕೆಳಗಿನ ಗೂಟಕ್ಕೆ ಬಡಿದಾಗಲೇ ನಿಲ್ಲುವುದು. ಗೂಟಗಳ ನಡುವೆ ಮೂರು ನಾಲ್ಕು ಮೀಟರ್ ಇದ್ದರೆ ಅಷ್ಟೂ ಬೀಳುತ್ತೀಯ, ನಡುವೆ ಬಂಡೆಯ ಚಾಚು, ಕಬ್ಬಿಣದ ಮೆಟ್ಟಿಲು ಎಲ್ಲಕ್ಕೂ ಮೈ ತಾಗುತ್ತದೆ. ಆ ಹೊಡೆತ ತಗ್ಗಿಸಲೆಂದೇ ಪಟ್ಟಿಯ ಬುಡದಲ್ಲಿ ಹೊಲಿಗೆ ಹಾಕಿದ ಮಡಿಕೆ ಇದೆ. ಬಿದ್ದಾಗ ಹೊಲಿಗೆ ಹರಿಯುತ್ತಾ ವೇಗ ತಡೆಯುತ್ತದೆ. ಒಮ್ಮೆ ಹರಿದರೆ ಪಟ್ಟಿ, ಕೊಕ್ಕೆಗಳ ಆ ಸೆಟ್ ಮುಗಿಯಿತು. 2012ರ ಆಗಸ್ಟಿನಲ್ಲಿ ಆಸ್ಟ್ರಿಯಾದ ಟಿರೋಲ್‌ನಲ್ಲಿ ಒಬ್ಬರು ಜಾರಿದಾಗ ಎರಡೂ ಪಟ್ಟಿ ತುಂಡಾಗಿ ಸತ್ತರು. ಅದು ಬಾಡಿಗೆಗೆ ತಂದ ಸೆಟ್. ಆಮೇಲೆ ಹಲವು ಕಂಪನಿಗಳು ತಮ್ಮ ಸೆಟ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ಕರೆಸಿಕೊಂಡವು, 2017ರಲ್ಲಿ ಯುರೋಪಿನ ಇಎನ್ 958 ನಿಯಮವನ್ನು 40ರಿಂದ 120 ಕಿಲೋ ತೂಕದವರಿಗೆ ಹೊಂದುವಂತೆ ಬಿಗಿ ಮಾಡಿದರು. ಬಾಡಿಗೆ ಸೆಟ್ ಕೊಟ್ಟಾಗ ತಯಾರಾದ ವರ್ಷ ಕೇಳು, ಚೀಟಿ ತೋರಿಸಿ ಎನ್ನು. ನಾಚಿಕೆ ಬೇಡ, ಜೀವ ನಿನ್ನದು. 40 ಕಿಲೋಗಿಂತ ಹಗುರವಿರುವ ಮಗುವನ್ನು ಯಾರಾದರೂ ಬರೀ ಈ ಸೆಟ್ ಕೊಟ್ಟು ಕರೆದೊಯ್ಯುತ್ತಿದ್ದರೆ ಆ ಗುಂಪಿನಿಂದ ನೀನೂ ದೂರ ಇರು. ಮಗುವಿಗೆ ಮೇಲಿನಿಂದ ಗೈಡ್ ಹಗ್ಗ ಹಿಡಿಯಲೇಬೇಕು.

ಇನ್ನು ಗೈಡ್ ವಿಷಯ. ನಾನು ಮುಖ್ಯವಾಗಿ ಹೇಳಬೇಕೆಂದಿದ್ದುದು ಇದನ್ನೇ. 'ಗೈಡ್ ಇದ್ದಾರೆ' ಎಂಬ ಮಾತಿಗೆ ನೆಚ್ಚಿ ಕೂರಬೇಡ, ಯಾರು ಎಂದು ಕೇಳು. ಪರ್ವತ ಮಾರ್ಗದರ್ಶಕರಿಗೆ 1965ರಲ್ಲಿ ಕಟ್ಟಿದ ಅಂತರರಾಷ್ಟ್ರೀಯ ಒಕ್ಕೂಟವಿದೆ. ವರ್ಷಗಟ್ಟಲೆ ಕಲಿತು ಪರೀಕ್ಷೆ ಪಾಸಾದವರಿಗೇ ಅದರ ಬ್ಯಾಡ್ಜ್. ಬೆಟ್ಟ ಚೆನ್ನಾಗಿ ಬಲ್ಲ ಗೆಳೆಯ, ಟೂರ್ ಕಂಪನಿಯ ಹುಡುಗ, ಇವರು ಬೇರೆ. ಬ್ಯಾಡ್ಜ್ ಇದ್ದವರಿಗೆ ಫೋನ್ ಮಾಡಿದಾಗ, ಎಷ್ಟು ಜನಕ್ಕೆ ಒಬ್ಬರು ಎಂದು ಕೇಳು. ಹೊಸಬರಿದ್ದಲ್ಲಿ ನಾಲ್ಕೈದಕ್ಕಿಂತ ಹೆಚ್ಚಾದರೆ ನನಗೆ ಒಪ್ಪಿಗೆಯಿಲ್ಲ. ನನಗೆ ಕೈ ಸೋತರೆ ಹಗ್ಗ ಕಟ್ಟಿ ಕರೆದೊಯ್ಯುವಿರಾ, ನಡುವೆ ಹೊರಬೀಳುವ ದಾರಿ ಎಲ್ಲಿದೆ, ಎಷ್ಟು ಗಂಟೆಯೊಳಗೆ ಎಲ್ಲಿಗೆ ತಲುಪದಿದ್ದರೆ ವಾಪಸ್ ತಿರುಗುವಿರಿ ಎಂದೂ ಕೇಳು. ಒಳ್ಳೆಯ ಗೈಡ್ ತಕ್ಷಣ ನಿನ್ನನ್ನೇ ತಿರುಗಿ ಕೇಳುತ್ತಾರೆ: ಈ ತಿಂಗಳು ಎಲ್ಲಿ ನಡೆದಿರಿ, ಎತ್ತರದ ಭಯವಿದೆಯೇ, ಬೂಟು ಯಾವುದು? ನಿನ್ನ ಬಗ್ಗೆ ಏನೂ ಕೇಳದೆ ಕಾರ್ಡ್ ನಂಬರ್ ಮಾತ್ರ ಕೇಳಿದವರನ್ನು ಬಿಟ್ಟುಬಿಡು.

ಹವಾಮಾನ ಕೆಟ್ಟರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಯನ್ನಂತೂ ಮರೆಯಬೇಡ. ಜುಲೈ, ಆಗಸ್ಟಿನಲ್ಲಿ ಬೆಳಗ್ಗೆ ನೀಲಿ ಆಕಾಶ, ಮಧ್ಯಾಹ್ನ ಗುಡುಗು. ಮಿಂಚುವಾಗ ನೂರಾರು ಮೀಟರ್ ಉಕ್ಕಿನ ಹಗ್ಗಕ್ಕೆ ಕೊಕ್ಕೆ ಸಿಕ್ಕಿಸಿಕೊಂಡು ನಿಂತಿರುವುದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಹಿಂದಿನ ಸಂಜೆಯೇ 'ನಾಳೆ ಬೇಡ' ಎಂದು ಹೇಳುವ ಗೈಡ್ ಸಿಕ್ಕರೆ ಬಿಡಬೇಡ, ಮುಂದಿನ ಸಲವೂ ಅವರನ್ನೇ ಹುಡುಕು. ದುಡ್ಡು ಹೋಗುತ್ತದೆಂದು ಅವರನ್ನು ಒತ್ತಾಯಿಸಲೂ ಬೇಡ.

ಮೊದಲ ದಿನಕ್ಕೆ ಆಲ್ಪ್‌ಸ್ಪಿಟ್ಸೆ ಸರಿ. ಅದೂ ತ್ಸುಗ್‌ಸ್ಪಿಟ್ಸೆಯ ಬುಡದ ಊರಾದ ಗಾರ್ಮಿಶ್‌ನದೇ ಬೆಟ್ಟ, 2,628 ಮೀಟರ್. ಕೇಬಲ್ ಕಾರ್ ಸುಮಾರು 2,050 ಮೀಟರ್‌ವರೆಗೆ ಒಯ್ಯುತ್ತದೆ, ಉಳಿದದ್ದು ಐದಾರು ನೂರು ಮೀಟರ್ ಏರು. ಹಗ್ಗ ಬಹುತೇಕ ಉದ್ದಕ್ಕೂ ಇದೆ, ದರ್ಜೆ ಎ, ಬಿ. ಎದುರಿಗೆ ತ್ಸುಗ್‌ಸ್ಪಿಟ್ಸೆಯೇ ಕಾಣುತ್ತದೆ. ಹೋಗುವ ಮೊದಲು ಜರ್ಮನ್ ಆಲ್ಪೈನ್ ಸಂಘದ ಸದಸ್ಯಳಾಗು, ಪಾರುಗಾಣಿಕೆಯ ವಿಮೆ ಸದಸ್ಯತ್ವದಲ್ಲೇ ಸೇರಿದೆ. ಹೆಲ್ಮೆಟ್, ಕೈಗವಸು ಇರಲಿ, ಫೋನ್ ತುಂಬ ಚಾರ್ಜ್ ಇರಲಿ, ತುರ್ತು ನಂಬರ್ 112. ಗೆಳೆಯರಿಗೆ ಹೊಲ್ಲೆಂಟಾಲ್ ಮುಂದಿನ ವರ್ಷಕ್ಕಿರಲಿ ಎನ್ನು. ಅವರು ಒಪ್ಪದಿದ್ದರೂ ನೀನು ಹೋಗಬೇಡ. ಈ ವಾರವೇ ಗೈಡ್‌ಗೆ ಫೋನ್ ಮಾಡು. ಅವರು ಏನೆಂದರು ಎಂದು ನನಗೆ ಬರೆ, ಬುಕ್ ಮಾಡುವುದು ಆಮೇಲೆ.