ಹಾಲಿಲ್ಲದ ಕೇಕು: ಬಾಡಿಗೆ ಮನೆಯಲ್ಲಿ ಕಲಿತ ರಸಾಯನಶಾಸ್ತ್ರ

ಪ್ಲಸ್ ಟು ಮುಗಿಸಿದ ಮೇಲೆ ನಿಮ್ಮಲ್ಲಿ ಹಲವರು ಮಂಗಳೂರಿಗೋ ಕಣ್ಣೂರಿಗೋ ಓದಲು ಹೋಗುತ್ತೀರಿ. ಮೂರು ನಾಲ್ಕು ಜನ ಸೇರಿ ಒಂದು ರೂಮು ಹಿಡಿಯುತ್ತೀರಿ. ಅಲ್ಲಿ ಅಡುಗೆ ಒಟ್ಟಿಗೆ, ಆದರೆ ಹೊಟ್ಟೆ ಎಲ್ಲರದ್ದೂ ಒಂದೇ ತರ ಇರುವುದಿಲ್ಲ. ನಾನು ಬಿ.ಎಡ್. ಓದುವಾಗ ನಮಗೆ ಇದು ಗೊತ್ತಿರಲಿಲ್ಲ.

ನಾವು ನಾಲ್ವರು ಒಂದು ಬಾಡಿಗೆ ಮನೆಯಲ್ಲಿದ್ದೆವು. ಹೆಸರಿಗಿಂತ ಊರಿನಿಂದಲೇ ಒಬ್ಬರನ್ನೊಬ್ಬರು ಕರೆಯುವ ರೂಢಿ. ಬದಿಯಡ್ಕದವನು ಮಾತ್ರ ಚಹಾಕ್ಕೆ ಹಾಲು ಹಾಕಿಸಿಕೊಳ್ಳುತ್ತಿರಲಿಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ ಅನ್ನುತ್ತಿದ್ದ. "ಎಂತ ಮಾರಾಯ, ಒಂದು ಗ್ಲಾಸು ಹಾಲಿಗೆ ಇಷ್ಟು ನಾಟಕವಾ?" ಎಂದು ನಾವು ನಗುತ್ತಿದ್ದೆವು. ಅವನ ಹುಟ್ಟುಹಬ್ಬಕ್ಕೆ ನಾವೇ ಕೇಕು ಮಾಡಿದೆವು. ಅದರಲ್ಲಿ ಹಾಲು, ಹಾಲಿನಪುಡಿ, ಮೊಸರು ಎಲ್ಲವೂ ಇತ್ತು. "ಬೆಂದ ಮೇಲೆ ಏನೂ ಆಗುವುದಿಲ್ಲ" ಎಂದು ಒತ್ತಾಯ ಮಾಡಿ ಎರಡು ತುಂಡು ತಿನ್ನಿಸಿದೆವು. ಮರುದಿನ ಬೆಳಗ್ಗೆ ಅವನಿಗೆ ಪರೀಕ್ಷೆ. ಮೂರು ಸಲ ಹಾಲ್‌ನಿಂದ ಎದ್ದು ಹೊರಗೆ ಓಡಿದ. ಕೊನೆಯ ಎರಡು ಪ್ರಶ್ನೆ ಹಾಗೆಯೇ ಉಳಿಯಿತು. ಅವನು ನಮ್ಮನ್ನು ಬಯ್ಯಲಿಲ್ಲ, ಅದೇ ನಮಗೆ ಹೆಚ್ಚು ಬೇಸರ ತಂದದ್ದು.

ಅವನ ಹೊಟ್ಟೆಯಲ್ಲಿ ಆದದ್ದು ಏನು? ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಉಂಟು, ನೂರು ಗ್ರಾಂ ಹಾಲಿನಲ್ಲಿ ಐದು ಗ್ರಾಂನ ಹತ್ತಿರ. ಈ ಸಕ್ಕರೆಯ ಅಣು ದೊಡ್ಡದು, ಹಾಗೆಯೇ ರಕ್ತಕ್ಕೆ ಸೇರುವುದಿಲ್ಲ. ಸಣ್ಣ ಕರುಳಿನ ಲ್ಯಾಕ್ಟೇಸ್ ಎಂಬ ಕಿಣ್ವ ಅದನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎಂದು ಎರಡು ತುಂಡು ಮಾಡಬೇಕು. ತಾಯಿಯ ಹಾಲು ಕುಡಿಯುವ ಮಗುವಿನಲ್ಲಿ ಈ ಕಿಣ್ವ ಬೇಕಾದಷ್ಟು ಇರುತ್ತದೆ. ಬೆಳೆದಂತೆ ಬಹಳ ಜನರಲ್ಲಿ ಅದು ಕಡಿಮೆಯಾಗುತ್ತದೆ. ಲೋಕದ ದೊಡ್ಡವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಹೀಗೆಯೇ. ಹಾಗಾಗಿ ಇದನ್ನು ರೋಗ ಅನ್ನುವುದಕ್ಕಿಂತ ದೇಹದ ಸ್ವಭಾವ ಅನ್ನುವುದು ಸರಿ. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಹೋಗಿ ನೀರನ್ನು ಎಳೆಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಿಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಮುಂತಾದ ಅನಿಲ ಬಿಡುತ್ತವೆ. ಹೊಟ್ಟೆ ಉಬ್ಬರ, ಗುಡುಗುಡು ಸದ್ದು, ಭೇದಿ ಎಲ್ಲ ಬರುವುದು ಅದರಿಂದ. ಬೇಯಿಸಿದರೆ ಲ್ಯಾಕ್ಟೋಸ್ ಹೋಗುವುದಿಲ್ಲ. ನಮ್ಮ ವಾದ ಬಿದ್ದುಹೋದದ್ದು ಅಲ್ಲಿ.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಹಾಲಿನ ಅಲರ್ಜಿ ಎಂಬುದು ಬೇರೆಯೇ ವಿಷಯ. ಅದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಕೇಸೀನ್‌ನಂಥ ಹಾಲಿನ ಪ್ರೋಟೀನನ್ನು ಶತ್ರು ಎಂದು ಎಣಿಸುತ್ತದೆ. ಲ್ಯಾಕ್ಟೋಸ್ ಆಗದವರು ಚೂರು ಮಜ್ಜಿಗೆ ಕುಡಿದು ಸುಧಾರಿಸಿಕೊಂಡಾರು. ಅಲರ್ಜಿ ಇದ್ದವರಿಗೆ ಹಾಲು ಹತ್ತಿದ ಚಮಚ ಕೂಡ ಅಪಾಯ. ಮೈಯಲ್ಲಿ ದದ್ದು ಏಳಬಹುದು, ತುಟಿ ಬಾಯಬಹುದು, ಉಸಿರು ಕಟ್ಟಬಹುದು. ಉಸಿರಿಗೆ ಕಷ್ಟವಾದರೆ ಮನೆಮದ್ದು ಹುಡುಕುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರೂಮಿನಲ್ಲಿ ಯಾರಾದರೂ "ನನಗೆ ಹಾಲು ಆಗುವುದಿಲ್ಲ" ಅಂದರೆ, ಇವೆರಡರಲ್ಲಿ ಯಾವುದು ಎಂದು ಮೊದಲ ದಿನವೇ ಕೇಳಿಕೊಳ್ಳಿ.

ತಪ್ಪು ತಿದ್ದಿಕೊಳ್ಳಲು ಮರುವಾರ ಇನ್ನೊಂದು ಕೇಕಿಗೆ ಹೊರಟೆವು. ಹಾಲು, ಮೊಸರು ಬಿಟ್ಟು ನೀರು ಹಾಕಿದೆವು. ಉಬ್ಬದೆ ಹೋದೀತು ಎಂಬ ಹೆದರಿಕೆಯಿಂದ ನಾನೇ ಅಡುಗೆ ಸೋಡವನ್ನು ಎರಡು ಚಮಚ ಸುರಿದೆ. ಕೇಕು ಗಟ್ಟಿಯಾಗಿ, ಕಪ್ಪಾಗಿ ಬಂತು. ಬಾಯಿಗೆ ಇಟ್ಟರೆ ಸಾಬೂನಿನ ರುಚಿ! ಸುಳ್ಯದವನು, "ಇದನ್ನು ಬಟ್ಟೆ ಒಗೆಯಲಿಕ್ಕೆ ಇಡುವಾ" ಅಂದ. ತಮಾಷೆಗೆ ಅಂದ ಮಾತು, ಆದರೆ ಅದರಲ್ಲಿ ನಿಜ ಇತ್ತು.

ಅಡುಗೆ ಸೋಡ ಅಂದರೆ ಸೋಡಿಯಂ ಹೈಡ್ರೋಜನ್ ಕಾರ್ಬೊನೇಟ್. ಅದು ಆಮ್ಲದ ಜತೆ ಸೇರಿದರೆ ಲವಣ, ನೀರು, ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆ ಅನಿಲವೇ ಹಿಟ್ಟನ್ನು ಎತ್ತುವುದು. ಮೊದಲ ಕೇಕಿನಲ್ಲಿ ಆಮ್ಲ ಎಲ್ಲಿತ್ತು? ಮೊಸರಿನಲ್ಲಿ, ಲ್ಯಾಕ್ಟಿಕ್ ಆಮ್ಲದ ರೂಪದಲ್ಲಿ. ಮೊಸರನ್ನು ತೆಗೆದಾಗ ನಾವು ಗೊತ್ತಿಲ್ಲದೆ ಆಮ್ಲವನ್ನೂ ತೆಗೆದಿದ್ದೆವು. ಒಂಟಿಯಾದ ಸೋಡ ಬಿಸಿಗೆ ಒಡೆದು ಸೋಡಿಯಂ ಕಾರ್ಬೊನೇಟ್ ಆಯಿತು, ಅಂದರೆ ಸಾಕ್ಷಾತ್ ಬಟ್ಟೆ ಸೋಡ! ಹೀಗೆ ಒಡೆದಾಗ ಸಿಗುವ ಅನಿಲವೂ ಅರ್ಧ ಮಾತ್ರ. ಸೋಡ ಹೆಚ್ಚು ಹಾಕಿಯೂ ಕೇಕು ಏಳದೆ ಇದ್ದದ್ದಕ್ಕೆ ಇದೂ ಒಂದು ಕಾರಣ.

ಆಮ್ಲಕ್ಕೆ ವಿನೆಗರ್ ಸಾಕು. ಲೆಕ್ಕ ನೋಡಿ. 60 ಗ್ರಾಂ ಅಸಿಟಿಕ್ ಆಮ್ಲ 84 ಗ್ರಾಂ ಅಡುಗೆ ಸೋಡವನ್ನು ತಟಸ್ಥ ಮಾಡಿ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಕೊಡುತ್ತದೆ. ಅಡುಗೆಯ ವಿನೆಗರ್‌ನಲ್ಲಿ ನೂರಕ್ಕೆ 4ರಷ್ಟು ಆಮ್ಲ ಎಂದು ಹಿಡಿಯೋಣ. ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್‌ನಲ್ಲಿ 0.6 ಗ್ರಾಂ ಆಮ್ಲ ಇರುತ್ತದೆ. ಅದು 0.84 ಗ್ರಾಂ ಸೋಡಕ್ಕೆ ಸಾಕಾಗಿ 0.44 ಗ್ರಾಂ ಅನಿಲ ಕೊಡುತ್ತದೆ. ತೂಕದಲ್ಲಿ ಏನೂ ಅಲ್ಲ, ಆದರೆ ಜಾಗ ಹಿಡಿಯುವುದು ಕಾಲು ಲೀಟರಿನಷ್ಟು! ಮೋಲ್ ಎಂಬ ಪಾಠ ಯಾಕೆ ಕಲಿಯಬೇಕು ಎಂದು ನೀವು ತರಗತಿಯಲ್ಲಿ ಕೇಳುತ್ತೀರಲ್ಲ, ಉತ್ತರ ಇಲ್ಲಿಯೂ ಉಂಟು.

ಮುಕ್ಕಾಲು ಸಣ್ಣ ಚಮಚ ಸೋಡ ಸುಮಾರು 3.5 ಗ್ರಾಂ ತೂಗುತ್ತದೆ. ಹಾಗಾದರೆ ಉಳಿದ ಸೋಡದ ಗತಿ? ಬೆಲ್ಲಕ್ಕೂ ಕೋಕೋ ಪುಡಿಗೂ ಸ್ವಲ್ಪ ಹುಳಿಗುಣ ಇರುತ್ತದೆ, ಅವು ಒಂದಷ್ಟನ್ನು ನೋಡಿಕೊಳ್ಳುತ್ತವೆ. ಇನ್ನೂ ಉಳಿದದ್ದು ಬಿಸಿಗೆ ಒಡೆಯುತ್ತದೆ. ಅಷ್ಟು ಸ್ವಲ್ಪವಾದರೆ ಕೋಕೋದ ಕಹಿಯ ನಡುವೆ ನಾಲಿಗೆಗೆ ಗೊತ್ತಾಗುವುದಿಲ್ಲ.

ಹಾಲಿನ ಉಳಿದ ಕೆಲಸಗಳಿಗೆ ಬದಲಿ ಹುಡುಕುವುದು ಸುಲಭ. ಹಾಲಿನಲ್ಲಿ ಹೆಚ್ಚಿನ ಪಾಲು ನೀರೇ. ಬೆಣ್ಣೆಯ ಜಿಡ್ಡು ಮೈದಾದ ಗ್ಲುಟನ್ ಎಳೆಗಳು ಬಿಗಿಯಾಗದಂತೆ ತಡೆದು ಕೇಕನ್ನು ಮೆದು ಮಾಡುತ್ತದೆ. ಆ ಕೆಲಸವನ್ನು ಎಣ್ಣೆಯೂ ಮಾಡುತ್ತದೆ. ನಮ್ಮ ಕಡೆಯವರಿಗೆ ತೆಂಗಿನಕಾಯಿ ಹಾಲು ಇದೆ. ಹೆಸರಿನಲ್ಲಿ ಹಾಲು ಇದ್ದರೂ ಅದರಲ್ಲಿ ಲ್ಯಾಕ್ಟೋಸೂ ಇಲ್ಲ, ಕೇಸೀನೂ ಇಲ್ಲ.

ಆಹಾರ ಆಗದವರಿಗಾಗಿ ಹೀಗೆ ದಾರಿ ಹುಡುಕಿದವರಲ್ಲಿ ನಾವು ಮೊದಲಿಗರಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಇದ್ದರು. ಅವರ ಹೆಂಡತಿಗೆ ಮೊಟ್ಟೆಯೂ ಯೀಸ್ಟೂ ಆಗುತ್ತಿರಲಿಲ್ಲ. ಅವರಿಗೆಂದು ಬರ್ಡ್ 1843ರಲ್ಲಿ ಒಂದು ಬೇಕಿಂಗ್ ಪೌಡರ್ ತಯಾರಿಸಿದರು. ಬೇಕಿಂಗ್ ಪೌಡರ್ ಅಂದರೆ ಸೋಡ ಮತ್ತು ಪುಡಿ ಆಮ್ಲ ಎರಡನ್ನೂ ಒಣಗಿದ ಸ್ಥಿತಿಯಲ್ಲಿ ಒಟ್ಟಿಗೆ ಇಟ್ಟದ್ದು.

ಈಗ ನಮ್ಮ ಮೂರನೆಯ ಕೇಕು. ಒಲೆಯ ಕೆಲಸಕ್ಕೆ ಮನೆಯ ದೊಡ್ಡವರು ಜತೆಗಿರಲಿ. ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಎರಡು ಬೆರಳು ದಪ್ಪ ಒಣ ಹೊಯಿಗೆ ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಅಷ್ಟರಲ್ಲಿ ಒಂದೂವರೆ ಕಪ್ ಮೈದಾ, ಮುಕ್ಕಾಲು ಕಪ್ ಬೆಲ್ಲದ ಪುಡಿ, ಮೂರು ದೊಡ್ಡ ಚಮಚ ಕೋಕೋ ಪುಡಿ, ಮುಕ್ಕಾಲು ಸಣ್ಣ ಚಮಚ ಸೋಡ, ಚಿಟಿಕೆ ಉಪ್ಪು ಜಾಲಿಸಿ ಬೆರೆಸಿ. ಇನ್ನೊಂದು ಪಾತ್ರೆಯಲ್ಲಿ ಒಂದು ಕಪ್ ನೀರು ಅಥವಾ ತೆಳು ಕಾಯಿಹಾಲು, ಐದು ದೊಡ್ಡ ಚಮಚ ಎಣ್ಣೆ, ಒಂದು ದೊಡ್ಡ ಚಮಚ ವಿನೆಗರ್ ಇರಲಿ. ಎರಡನ್ನೂ ಸೇರಿಸಿದ ಮೇಲೆ ಮಾತಾಡುತ್ತಾ ನಿಲ್ಲಬೇಡಿ. ಅನಿಲ ಆಗಲೇ ಹೊರಡಲು ಶುರುವಾಗಿರುತ್ತದೆ. ಗಂಟು ಹೋಗುವಷ್ಟು ಮಾತ್ರ ಕಲಸಿ, ಎಣ್ಣೆ ಸವರಿದ ತಟ್ಟೆಗೆ ಹೊಯ್ದು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಆಯಿತು.

ಕೋಕೋ ಕೊಳ್ಳುವಾಗ ಲೇಬಲ್ ಓದಿ. ಕುಡಿಯುವ ಚಾಕಲೇಟು ಪುಡಿಗಳಲ್ಲಿ ಹಾಲಿನಪುಡಿ ಇರುವುದುಂಟು. ನಮ್ಮ ದೇಶದ ನಿಯಮದ ಪ್ರಕಾರ ಪೊಟ್ಟಣದ ಆಹಾರದಲ್ಲಿ ಹಾಲಿನ ಅಂಶ ಇದ್ದರೆ ಅದನ್ನು ಲೇಬಲ್‌ನಲ್ಲಿ ತಿಳಿಸಬೇಕು. ವೇ, ಕೇಸೀನ್ ಎಂದು ಬರೆದಿದ್ದರೂ ಅದು ಹಾಲಿನದ್ದೇ.

ಬದಿಯಡ್ಕದವನು ಆ ಕೇಕಿನ ಮೊದಲ ತುಂಡನ್ನು ಮೂಸಿ ನೋಡಿ, "ಲೇಬಲ್ ತೋರಿಸಿ" ಅಂದ. ಕೋಕೋ ಡಬ್ಬಿ ತಂದು ಕೈಗೆ ಕೊಟ್ಟೆವು. ಪೂರ್ತಿ ಓದಿದ ಮೇಲೆಯೇ ತಿಂದ, ನಾಲ್ಕು ತುಂಡು.

ನಿಮಗೊಂದು ಲೆಕ್ಕ: ನಮ್ಮ 3.5 ಗ್ರಾಂ ಸೋಡ ಪೂರ್ತಿ ತಟಸ್ಥವಾಗಬೇಕಾದರೆ ಎಷ್ಟು ಮಿಲಿಲೀಟರ್ ವಿನೆಗರ್ ಬೇಕು? ಅಷ್ಟೂ ವಿನೆಗರ್ ಹಾಕಿದರೆ ಕೇಕು ಹೇಗಿದ್ದೀತು? ಉತ್ತರ ಬರೆದು ನಿಮ್ಮ ವಿಜ್ಞಾನದ ಟೀಚರಿಗೆ ತೋರಿಸಿ.