ಮಿದುಳಿನ ಅಲೆಗಳು

ಮಾನವನ ದೇಹದಲ್ಲಿ ಲಯವಿಲ್ಲದ ಗಳಿಗೆಯೇ ಇಲ್ಲ. ಹೃದಯವು ನಿಮಿಷಕ್ಕೆ ಸುಮಾರು 72 ಸಲ ಮಿಡಿಯುತ್ತದೆ. ಅದೇ ಅವಧಿಯಲ್ಲಿ ಶ್ವಾಸಕೋಶಗಳು 12ರಿಂದ 20 ಸಲ ಹಿಗ್ಗಿ ಕುಗ್ಗುತ್ತವೆ. ಈ ಲಯಗಳನ್ನು ಕೈಯಿಂದ ಮುಟ್ಟಿ, ಕಿವಿಯಿಂದ ಕೇಳಿ ತಿಳಿಯಬಹುದು. ಆದರೆ ತಲೆಬುರುಡೆಯ ಒಳಗೆ ಅಡಗಿರುವ ಮಿದುಳು ಸದ್ದಿಲ್ಲದ ಅಂಗ. ಅದಕ್ಕೂ ತನ್ನದೇ ಆದ ಲಯವುಂಟೆಂಬ ಸಂಗತಿ ಜಗತ್ತಿಗೆ ತಿಳಿದುದು ಇಪ್ಪತ್ತನೆಯ ಶತಮಾನದಲ್ಲಿ.

ಮಿದುಳಿನಲ್ಲಿ ಕೋಟ್ಯಂತರ ನರಕೋಶಗಳಿವೆ. ಅವು ಒಂದರೊಡನೊಂದು ವ್ಯವಹರಿಸುವಾಗ ಅತಿ ಸಣ್ಣ ಪ್ರಮಾಣದ ವಿದ್ಯುತ್ತು ಹುಟ್ಟುತ್ತದೆ. 1875ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ವೈದ್ಯನಾದ ರಿಚರ್ಡ್ ಕೇಟನ್ ಮೊಲ ಮತ್ತು ಕೋತಿಗಳ ಮಿದುಳಿನ ಮೇಲ್ಮೈಯಲ್ಲಿ ಈ ವಿದ್ಯುತ್ತನ್ನು ಗುರುತಿಸಿ ವರದಿ ಮಾಡಿದನು. ಆದರೆ ಮನುಷ್ಯನ ತಲೆಬುರುಡೆಯನ್ನು ತೆರೆಯದೆ ಅದನ್ನು ಅಳೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆಯಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಉತ್ತರ ಕಂಡುಕೊಂಡವನು ಜರ್ಮನಿಯ ಹಾನ್ಸ್ ಬೆರ್ಗರ್.

ಬೆರ್ಗರ್ ಹುಟ್ಟಿದ್ದು 1873ರಲ್ಲಿ. ತಾರುಣ್ಯದಲ್ಲಿ ಸೈನ್ಯದ ಅಶ್ವದಳದಲ್ಲಿದ್ದಾಗ ಆತನು ಕುದುರೆಯಿಂದ ಕೆಳಗುರುಳಿ, ಫಿರಂಗಿ ಗಾಡಿಯ ಗಾಲಿಗೆ ಸಿಕ್ಕುವುದರಿಂದ ಕೂದಲೆಳೆಯಷ್ಟರಲ್ಲಿ ಪಾರಾದನು. ಅದೇ ದಿನ ಸಂಜೆ ಆತನ ಯೋಗಕ್ಷೇಮ ವಿಚಾರಿಸಿ ತಂದೆಯಿಂದ ತಂತಿ ಬಂದಿತು. ಸೋದರನಿಗೆ ಏನೋ ಕೇಡಾಗಿದೆಯೆಂದು ಅಕ್ಕರೆಯ ಸೋದರಿ ಮನೆಯಲ್ಲಿ ಕಳವಳಪಟ್ಟುದೇ ಅದಕ್ಕೆ ಕಾರಣವಾಗಿತ್ತು. ತನ್ನ ಭಯವು ದೂರದಲ್ಲಿದ್ದ ಸೋದರಿಯ ಮನಸ್ಸನ್ನು ಮುಟ್ಟಿತೆಂದು ಆತನು ನಂಬಿದನು. ಖಗೋಳಶಾಸ್ತ್ರದ ವ್ಯಾಸಂಗವನ್ನು ಬಿಟ್ಟು ವೈದ್ಯಶಾಸ್ತ್ರವನ್ನು ಕೈಗೊಂಡನು. ಮನಸ್ಸಿನ ವ್ಯಾಪಾರಕ್ಕೂ ಮಿದುಳಿನ ಶಕ್ತಿಗೂ ಇರುವ ಸಂಬಂಧವನ್ನು ಕಾಣಬೇಕೆಂಬುದು ಆತನ ಜೀವನದ ಗುರಿಯಾಯಿತು.

ಯೇನಾ ನಗರದ ಮನೋರೋಗ ಚಿಕಿತ್ಸಾಲಯದಲ್ಲಿ ಬೆರ್ಗರನು ವರ್ಷಾನುಗಟ್ಟಲೆ ಒಬ್ಬನೇ ಪ್ರಯೋಗ ನಡೆಸಿದನು. ಮಿದುಳಿನ ವಿದ್ಯುತ್ತು ಬಹಳ ದುರ್ಬಲವಾದುದು. ನೆತ್ತಿಯ ಮೇಲೆ ಅದರ ಪ್ರಮಾಣ ಕೆಲವು ಹತ್ತು ಮೈಕ್ರೊವೋಲ್ಟುಗಳಷ್ಟು ಮಾತ್ರ. ಒಂದು ಮೈಕ್ರೊವೋಲ್ಟೆಂದರೆ ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಕೈದೀಪದ ಒಂದು ಸೆಲ್ಲಿನಲ್ಲಿ ಒಂದೂವರೆ ವೋಲ್ಟ್ ಇರುತ್ತದೆಂಬುದನ್ನು ನೆನೆದರೆ ಈ ಕಾರ್ಯದ ಕಾಠಿಣ್ಯ ತಿಳಿದೀತು. 1924ರಲ್ಲಿ ಬೆರ್ಗರನು ಮೊದಲ ಬಾರಿಗೆ ಮಾನವನ ಮಿದುಳಿನ ವಿದ್ಯುತ್ತನ್ನು ದಾಖಲಿಸಿದನು. ಆದರೂ ಆತನು ಅವಸರಪಡಲಿಲ್ಲ. ಸೂಜಿಯ ಅಲುಗಾಟಕ್ಕೆ ಹೃದಯದ ಬಡಿತವೋ ಸ್ನಾಯುಗಳ ಚಲನೆಯೋ ಕಾರಣವಾಗಿರಬಹುದೆಂಬ ಸಂಶಯ ಆತನನ್ನು ಕಾಡುತ್ತಿತ್ತು. ಐದು ವರ್ಷಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸಿದನು. ತನ್ನ ಮಗನ ತಲೆಯ ಮೇಲೂ ವಿದ್ಯುದಗ್ರಗಳನ್ನಿಟ್ಟು ನೋಡಿದನು. ಬಳಿಕ 1929ರಲ್ಲಿ ತನ್ನ ಮೊದಲ ಲೇಖನವನ್ನು ಪ್ರಕಟಿಸಿದನು.

ಆತನು ಕಂಡುದು ಇದು: ಕಣ್ಣು ಮುಚ್ಚಿ ನೆಮ್ಮದಿಯಾಗಿ ಕುಳಿತವನ ಮಿದುಳಿನಿಂದ ಸೆಕೆಂಡಿಗೆ ಸುಮಾರು ಹತ್ತು ಅಲೆಗಳು ಸಾಲಾಗಿ ಬರುತ್ತವೆ. ಕಣ್ಣು ತೆರೆದೊಡನೆ ಅವು ಅಡಗುತ್ತವೆ. ಕಣ್ಣು ಮುಚ್ಚಿಕೊಂಡೇ ಕಠಿಣವಾದ ಲೆಕ್ಕವೊಂದನ್ನು ಮನಸ್ಸಿನಲ್ಲಿ ಮಾಡಹೊರಟರೂ ಅವು ಕುಗ್ಗುತ್ತವೆ. ಈ ಅಲೆಗಳನ್ನು ಬೆರ್ಗರನು ಆಲ್ಫಾ ಎಂದೂ, ಅವುಗಳ ಬದಲಿಗೆ ಕಾಣುವ ಸಣ್ಣ, ಶೀಘ್ರವಾದ ಅಲೆಗಳನ್ನು ಬೀಟಾ ಎಂದೂ ಕರೆದನು. ಮೊದಮೊದಲು ವಿದ್ವಾಂಸರು ಇದನ್ನು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಎಂಬ ವಿಜ್ಞಾನಿಗಳು ಅದೇ ಪ್ರಯೋಗವನ್ನು ಸ್ವತಃ ಮಾಡಿ ನೋಡಿ ದೃಢಪಡಿಸಿದ ಮೇಲೆ ಸಂಶಯ ನೀಗಿತು. ಬೆರ್ಗರನು ಹುಡುಕಹೊರಟ ಮನೋವಾಹಕ ಶಕ್ತಿ ಮಾತ್ರ ಆತನಿಗೆ ಸಿಕ್ಕಲಿಲ್ಲ. ಅಲೆಗಳು ತಲೆಬುರುಡೆಯನ್ನು ದಾಟಿ ಮತ್ತೊಬ್ಬರ ಮನಸ್ಸನ್ನು ಮುಟ್ಟುವಷ್ಟು ಬಲವುಳ್ಳವಲ್ಲ. ಆದರೆ ಆತನು ಅರಸದೆ ಇದ್ದ ಪ್ರಯೋಜನ ಲೋಕಕ್ಕೆ ದೊರೆಯಿತು. ನಾಟ್ಸಿ ಆಡಳಿತದಲ್ಲಿ, ರೋಗಿಗಳಿಗೆ ಬಲವಂತದ ಸಂತಾನಹರಣವನ್ನು ವಿಧಿಸುತ್ತಿದ್ದ ನ್ಯಾಯಮಂಡಲಿಯಲ್ಲಿ ಆತನು ಕೆಲಸ ಮಾಡಿದುದನ್ನೂ ಇತಿಹಾಸಕಾರರು ಬೆಳಕಿಗೆ ತಂದಿದ್ದಾರೆ. ದೊಡ್ಡ ಶೋಧವು ಶೋಧಕನ ಎಲ್ಲ ನಡತೆಯನ್ನೂ ಸಮರ್ಥಿಸಲಾರದು.

ಇಂದು ಮಿದುಳಿನ ಅಲೆಗಳನ್ನು ಅವುಗಳ ಆವೃತ್ತಿಗೆ ಅನುಸಾರವಾಗಿ ವಿಂಗಡಿಸುತ್ತಾರೆ. ಸೆಕೆಂಡಿಗೆ ನಾಲ್ಕಕ್ಕಿಂತ ಕಡಿಮೆ ಇರುವ ದೊಡ್ಡ ಅಲೆಗಳು ಡೆಲ್ಟಾ. ಇವು ಗಾಢನಿದ್ರೆಯ ಗುರುತು. ನಾಲ್ಕರಿಂದ ಎಂಟರವರೆಗಿನವು ಥೀಟಾ, ತೂಕಡಿಕೆಯಲ್ಲಿ ಕಾಣುತ್ತವೆ. ಎಂಟರಿಂದ ಹದಿಮೂರರವರೆಗಿನವು ಆಲ್ಫಾ. ಅದಕ್ಕೂ ಮೇಲಿನವು ಬೀಟಾ. ಮೂವತ್ತನ್ನು ಮೀರಿದವು ಗಾಮಾ. ಈ ಗೆರೆಗಳಿಂದ ಒಬ್ಬನು ಎಚ್ಚರವಾಗಿರುವನೇ ನಿದ್ರಿಸುತ್ತಿರುವನೇ ಎಂಬುದನ್ನು ಬಹುಮಟ್ಟಿಗೆ ಹೇಳಬಹುದು. ಆತನು ಏನನ್ನು ಯೋಚಿಸುತ್ತಿರುವನೆಂಬುದನ್ನು ಓದಲಾಗದು.

ಈ ಶೋಧದಿಂದ ಹೆಚ್ಚಿನ ಉಪಕಾರವಾದುದು ಅಪಸ್ಮಾರ, ಅಂದರೆ ಮೂರ್ಛೆರೋಗದವರಿಗೆ. ಈ ರೋಗವನ್ನು ದೆವ್ವದ ಕಾಟವೆಂದೂ ಪೂರ್ವಜನ್ಮದ ಪಾಪವೆಂದೂ ಭಾವಿಸಿದವರುಂಟು. ಮೂರ್ಛೆ ಬಂದವರ ಕೈಗೆ ಕಬ್ಬಿಣದ ಬೀಗದ ಕೈಯನ್ನು ತುರುಕುವ ರೂಢಿ ಇಂದಿಗೂ ಪೂರ್ಣವಾಗಿ ಅಳಿದಿಲ್ಲ. 1935ರಲ್ಲಿ ಅಮೆರಿಕದ ಗಿಬ್ಸ್, ಡೇವಿಸ್ ಮತ್ತು ಲೆನಕ್ಸ್ ಎಂಬ ವೈದ್ಯವಿಜ್ಞಾನಿಗಳು ಒಂದು ಬಗೆಯ ಅಪಸ್ಮಾರದಲ್ಲಿ ಸೆಕೆಂಡಿಗೆ ಮೂರರಂತೆ ಮೊನಚಾದ ಅಲೆಗಳು ಎದ್ದು ಕಾಣುವುದನ್ನು ತೋರಿಸಿದರು. ಈ ಬಗೆಯ ರೋಗವುಳ್ಳ ಮಗು ಕೆಳಗೆ ಬೀಳುವುದಿಲ್ಲ; ಪಾಠದ ನಡುವೆ ಕೆಲವು ಸೆಕೆಂಡುಗಳ ಕಾಲ ಶೂನ್ಯದೃಷ್ಟಿಯಿಂದ ನೋಡುತ್ತ ಸ್ತಬ್ಧವಾಗುತ್ತದೆ. ಅಂಥ ಮಗು ಗಮನವಿಲ್ಲದುದೆಂದು ಬೈಗುಳಕ್ಕೂ ಪೆಟ್ಟಿಗೂ ಗುರಿಯಾಗುವುದುಂಟು. ಅದಕ್ಕೆ ಬೇಕಾದುದು ಶಿಕ್ಷೆಯಲ್ಲ, ಚಿಕಿತ್ಸೆ ಎಂಬುದಕ್ಕೆ ಕಾಗದದ ಮೇಲಿನ ಗೆರೆಗಳೇ ಸಾಕ್ಷಿ ನುಡಿದವು. ಬೆಂಗಳೂರಿನ ನಿಮ್ಹಾನ್ಸ್ ಮೊದಲಾದ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಇಂದು ನಿತ್ಯದ ಕೆಲಸವಾಗಿದೆ. ಇದರಿಂದ ನೋವಿಲ್ಲ, ಯಂತ್ರವು ಮಿದುಳಿಗೆ ವಿದ್ಯುತ್ತನ್ನು ಕೊಡುವುದಿಲ್ಲ, ಮಿದುಳಿನ ವಿದ್ಯುತ್ತನ್ನು ಬರೆದುಕೊಳ್ಳುತ್ತದೆ ಅಷ್ಟೆ.

ಇನ್ನು ಮಿದುಳಿನ ಅಲೆಗಳಿಗೂ ಶಬ್ದಕ್ಕೂ ಇರುವ ಸಂಬಂಧವೇನು? ಎರಡನ್ನೂ ಹರ್ಟ್ಜ್ ಎಂಬ ಮಾನದಿಂದಲೇ ಅಳೆಯುತ್ತಾರೆ. ಆದರೆ ಶಬ್ದವು ಗಾಳಿಯ ಕಂಪನ; ಮಿದುಳಿನ ಅಲೆ ವಿದ್ಯುತ್ತಿನ ಏರಿಳಿತ. ಮನುಷ್ಯನ ಕಿವಿಗೆ ಕೇಳಿಸುವುದು ಸುಮಾರು 20ರಿಂದ 20,000 ಹರ್ಟ್ಜ್‌ವರೆಗಿನ ಶಬ್ದ. ಆದುದರಿಂದ ಆಲ್ಫಾ ಅಲೆಯ 10 ಹರ್ಟ್ಜ್ ಆವೃತ್ತಿಯನ್ನು ಸ್ವರವಾಗಿ ಕೇಳಿಸುವುದು ಸಾಧ್ಯವಿಲ್ಲ. ತಂಬೂರಿಯ ಎರಡು ತಂತಿಗಳ ಶ್ರುತಿ ಸ್ವಲ್ಪ ಬೇರೆಯಾಗಿದ್ದರೆ ನಾದವು ಉಬ್ಬಿ ಇಳಿಯುವಂತೆ ಕೇಳುವುದಷ್ಟೆ? ಇದಕ್ಕೆ ವಿಸ್ಪಂದನವೆಂದು ಹೆಸರು. ಒಂದು ಕಿವಿಗೆ 400 ಹರ್ಟ್ಜ್, ಇನ್ನೊಂದಕ್ಕೆ 410 ಹರ್ಟ್ಜ್ ಸ್ವರವನ್ನು ಪ್ರತ್ಯೇಕವಾಗಿ ಕೇಳಿಸಿದರೂ ಸೆಕೆಂಡಿಗೆ ಹತ್ತರಂತೆ ಇಂಥ ಏರಿಳಿತದ ಭಾಸವಾಗುತ್ತದೆ. ಗಾಳಿಯಲ್ಲಿ ಎರಡು ಸ್ವರಗಳೂ ಕೂಡಿಲ್ಲ. ಅವು ಕೂಡುವುದು ಮಿದುಳಿನೊಳಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಮೊದಲು ಗಮನಿಸಿದವನು ಡೋವೆ ಎಂಬ ಜರ್ಮನ್ ವಿಜ್ಞಾನಿ.

ಇಂಥ ನಾದವನ್ನು ಕೇಳಿಸಿ ಮಿದುಳನ್ನು ಬೇಕಾದ ಲಯಕ್ಕೆ ತರಬಹುದು, ಜ್ಞಾಪಕಶಕ್ತಿಯನ್ನು ಬೆಳೆಸಬಹುದು, ರೋಗಗಳನ್ನು ಗುಣಪಡಿಸಬಹುದು ಎಂದು ಸಾರುವವರು ಇಂದು ಅನೇಕರಿದ್ದಾರೆ. ವಿಜ್ಞಾನವು ಇಂಥ ಮಾತನ್ನು ತಕ್ಕಡಿಯಲ್ಲಿಟ್ಟು ತೂಗುತ್ತದೆ. 2023ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು ಈ ವಿಷಯದ 14 ಅಧ್ಯಯನಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಐದು ಮಾತ್ರ ಮಿದುಳಿನ ಲಯ ನಾದವನ್ನು ಅನುಸರಿಸುವುದೆಂಬ ಮಾತಿಗೆ ಬೆಂಬಲ ನೀಡಿದವು. ಎಂಟು ಅದಕ್ಕೆ ವಿರುದ್ಧವಾಗಿದ್ದವು. ಒಂದರ ಫಲ ಮಿಶ್ರವಾಗಿತ್ತು. ಇಂಪಾದ ನಾದವು ಮನಸ್ಸಿಗೆ ಹಿತವೆಂಬುದು ನಿಜ; ಅದು ಔಷಧಿಯ ಸ್ಥಾನವನ್ನು ತುಂಬುವುದೆಂಬುದಕ್ಕೆ ಸಾಕಷ್ಟು ಆಧಾರವಿಲ್ಲ.

ಆದರೆ ಶಬ್ದವು ಮಿದುಳಿನಲ್ಲಿ ಗುರುತು ಮೂಡಿಸುವುದೆಂಬುದು ಪರೀಕ್ಷೆಯಲ್ಲಿ ಗೆದ್ದ ಸತ್ಯ. ನಿದ್ರಿಸುವ ಶಿಶುವಿನ ಕಿವಿಯಲ್ಲಿ ಸಣ್ಣ ಟಿಕ್ ಶಬ್ದವನ್ನು ನೂರಾರು ಸಲ ಮಾಡಿ, ಪ್ರತಿ ಸಲವೂ ಮಿದುಳು ಕೊಡುವ ಉತ್ತರದ ಸರಾಸರಿಯನ್ನು ಯಂತ್ರವು ಲೆಕ್ಕ ಹಾಕುತ್ತದೆ. ಮಾತು ಬಾರದ ಹಸುಗೂಸಿಗೆ ಕಿವಿ ಕೇಳಿಸುವುದೋ ಇಲ್ಲವೋ ಎಂಬುದು ಇದರಿಂದ ತಿಳಿಯುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಪರೀಕ್ಷೆಗಳು ನಡೆಯುತ್ತವೆ. ಕಿವುಡನ್ನು ಬೇಗನೆ ಗುರುತಿಸಿದರೆ ಮಗುವಿಗೆ ಶ್ರವಣ ಸಾಧನವನ್ನೂ ಶಿಕ್ಷಣವನ್ನೂ ಸಕಾಲದಲ್ಲಿ ಒದಗಿಸಿ ಮಾತು ಕಲಿಸಬಹುದು; ತಡವಾದರೆ ಕಲಿಕೆ ಬಲು ಕಷ್ಟ.

ಮಲಗಿದವನು ಎಚ್ಚರಗೊಳ್ಳದಿದ್ದರೂ ಹೊರಗಿನ ಗದ್ದಲಕ್ಕೆ ಆತನ ಮಿದುಳಿನಲ್ಲಿ ದೊಡ್ಡ ಅಲೆಯೊಂದು ಏಳುವುದನ್ನು 1930ರ ದಶಕದಲ್ಲಿಯೇ ವಿಜ್ಞಾನಿಗಳು ಕಂಡಿದ್ದರು. ದೇಹ ಮಲಗಿದರೂ ಮಿದುಳು ಕಿವಿಗೊಟ್ಟೇ ಇರುತ್ತದೆ. ಭಾರತ ಸರ್ಕಾರವು 2000ದಲ್ಲಿ ಜಾರಿಗೆ ತಂದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ರಾತ್ರಿ ವೇಳೆ 45 ಡೆಸಿಬೆಲ್‌ಗಳ ಮಿತಿಯನ್ನು ವಿಧಿಸಿರುವುದು ಕೇವಲ ಶಿಷ್ಟಾಚಾರಕ್ಕಾಗಿ ಅಲ್ಲ. ಧ್ವನಿವರ್ಧಕದ ಗುಂಡಿಯನ್ನು ತಿರುಗಿಸುವ ಕೈಗೆ ತಾನು ಕಾಣದ ಎಷ್ಟೋ ಮನೆಗಳ ರೋಗಿಗಳ, ವೃದ್ಧರ, ಮಕ್ಕಳ ನಿದ್ರೆಯ ಹೊಣೆಯೂ ಇದೆ. ಒಬ್ಬ ವೈದ್ಯನು ಐದು ವರ್ಷ ತಾಳ್ಮೆಯಿಂದ ಪರೀಕ್ಷಿಸಿ ಕಂಡ ಆ ಸಣ್ಣ ಗೆರೆಗಳು ಮೂರ್ಛೆರೋಗಿಯ ಮೇಲಿನ ಕಳಂಕವನ್ನು ತೊಡೆಯಲು ನೆರವಾದವು. ಮಾತು ಬಾರದ ಕೂಸಿನ ಪರವಾಗಿ ಮಾತಾಡಿದವು. ಇದೇ ಅವುಗಳ ನಿಜವಾದ ಮಹಿಮೆ.