ಹೈಫನ್ ಮತ್ತು ಅರ್ಥಭೇದ: ‘ರೆಕ್ರಿಯೇಷನ್’ ಪದದ ವಿವೇಚನೆ

ಇಂಗ್ಲಿಷ್ ಬರಹದಲ್ಲಿ ಹೈಫನ್ಬಳಕೆ ಬಹುಮಟ್ಟಿಗೆ ರೂಢಿಯನ್ನು ಅವಲಂಬಿಸಿದೆ. 2007ರಲ್ಲಿ ಪ್ರಕಟವಾದ ‘ಶಾರ್ಟರ್ ಆಕ್ಸ್‌ಫರ್ಡ್’ ನಿಘಂಟಿನ ಆರನೆಯ ಆವೃತ್ತಿಯು ಸುಮಾರು 16,000 ಪದಗಳಲ್ಲಿ ಈ ಚಿಹ್ನೆಯನ್ನು ಕೈಬಿಟ್ಟಿತು. ‘ಐಸ್ ಕ್ರೀಮ್’ ಬಿಡಿಪದಗಳಾಯಿತು, ‘ಬಂಬಲ್‌ಬೀ’ ಇಡಿಪದವಾಯಿತು. ಅರ್ಥ ಮಾತ್ರ ಬದಲಾಗಲಿಲ್ಲ. ಆದರೆ ಹೈಫನ್ ಲೋಪವಾದರೆ ಅರ್ಥವೇ ಬೇರೆಯಾಗುವ ಪದಗಳೂ ಇವೆ. ‘ರೆಕ್ರಿಯೇಷನ್’ ಅವುಗಳಲ್ಲೊಂದು.

ಇದರ ಮೂಲವಾದ ಲ್ಯಾಟಿನ್ ಕ್ರಿಯಾಪದಕ್ಕೆ ‘ಮತ್ತೆ ಸೃಷ್ಟಿಸು’, ‘ಚೇತರಿಸುವಂತೆ ಮಾಡು’ ಎಂಬ ಅರ್ಥಗಳಿದ್ದವು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಪದವು ಮೊದಲು ದಣಿದ ದೇಹಮನಸ್ಸುಗಳ ಚೇತರಿಕೆಯನ್ನೂ ಕ್ರಮೇಣ ಮನರಂಜನೆಯನ್ನೂ ಸೂಚಿಸಿತು. ಇದರಿಂದ ‘ಮತ್ತೆ’ ಎಂಬ ಉಪಸರ್ಗದ ಅರ್ಥ ಮಸುಕಾಯಿತು. ‘ಪುನಃಸೃಷ್ಟಿ’ ಎಂಬುದನ್ನು ಹೇಳಬೇಕಾದಾಗ ಅದೇ ಉಪಸರ್ಗವನ್ನು ಹೊಸದಾಗಿ ಸೇರಿಸಿ, ನಡುವೆ ಹೈಫನ್ ಇಡುವುದು ಅಗತ್ಯವಾಯಿತು.

ಉಚ್ಚಾರಣೆಯೂ ಈ ಭೇದವನ್ನು ಪುಷ್ಟೀಕರಿಸುತ್ತದೆ. ಮನರಂಜನೆಯ ಅರ್ಥದಲ್ಲಿ ಮೊದಲ ಅಕ್ಷರ ಹ್ರಸ್ವ ‘ರೆ’. ಪುನಃಸೃಷ್ಟಿಯ ಅರ್ಥದಲ್ಲಿ ದೀರ್ಘ ‘ರೀ’. ಇಂಗ್ಲಿಷ್ ಲಿಪಿಯಲ್ಲಿ ಎರಡರ ಅಕ್ಷರಗಳೂ ಒಂದೇ ಆದುದರಿಂದ ಹೈಫನ್ ಬೇಕಾಗುತ್ತದೆ. ಕನ್ನಡ ಲಿಪಿಯಲ್ಲಾದರೋ ಸ್ವರಭೇದವೇ ಆ ಕೆಲಸವನ್ನು ನಿರ್ವಹಿಸುತ್ತದೆ.

ತೊಡಕು ಎದುರಾಗುವುದು ಸಾಲಿನ ಕೊನೆಯಲ್ಲಿ. ಅಲ್ಲಿ ಪದವನ್ನು ಒಡೆಯಲು ಬಳಸುವ ಗೆರೆಯೂ ಹೈಫನ್ನೇ. ಅಮೆರಿಕನ್ ನಿಘಂಟುಗಳು ಮನರಂಜನೆಯ ಅರ್ಥದ ಪದವನ್ನು ‘ರೆಕ್’ ಎಂಬಲ್ಲಿ ಒಡೆಯುತ್ತವೆ. ಉಪಸರ್ಗದ ಬಳಿಕ ಒಡೆದರೆ ಅದು ಪುನಃಸೃಷ್ಟಿಯೆಂದು ತೋರೀತು. ಇದರ ವಿಪರ್ಯಯವೂ ಸಂಭವಿಸುತ್ತದೆ. ಪುನಃಸೃಷ್ಟಿಯ ಪದವು ತನ್ನ ಹೈಫನ್ನಿನಲ್ಲೇ ಒಡೆದು ಎರಡು ಸಾಲುಗಳಲ್ಲಿ ಹಂಚಿಹೋದಾಗ, ಮರುಮುದ್ರಣದಲ್ಲಿ ಅಥವಾ ಗಣಕೀಕರಣದಲ್ಲಿ ಅದನ್ನು ಸಾಲುಮುರಿತದ ಗೆರೆಯೆಂದು ಭಾವಿಸಿ ಅಳಿಸಿಬಿಡುವ ಸಾಧ್ಯತೆಯಿದೆ.

ಅನುವಾದ ಮೀಮಾಂಸೆಯ ಬರಹಗಳಲ್ಲಿ ಇದರ ಪರಿಣಾಮ ಸಣ್ಣದಲ್ಲ. ‘ಅನುವಾದವು ಪುನಃಸೃಷ್ಟಿ’ ಎಂಬ ಹೇಳಿಕೆ ‘ಅನುವಾದವು ಮನರಂಜನೆ’ ಎಂದಾಗಬಹುದು. ಎರಡೂ ವ್ಯಾಕರಣಶುದ್ಧ ವಾಕ್ಯಗಳಾದುದರಿಂದ ದೋಷವು ಓದುಗನ ಕಣ್ಣಿಗೆ ಬೀಳುವುದಿಲ್ಲ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ (1926) ಸಂಕಲನದಂತಹ ಕೃತಿಗಳನ್ನು ಪುನಃಸೃಷ್ಟಿಯೆಂದು ವಿವೇಚಿಸುವಾಗ ಈ ಪರಿಕಲ್ಪನೆಯ ಖಚಿತತೆ ಮುಖ್ಯವಾಗುತ್ತದೆ.

ಆದುದರಿಂದ ಇಂಗ್ಲಿಷ್–ಕನ್ನಡ ನಿಘಂಟುಗಳು ಇವೆರಡನ್ನೂ ಪ್ರತ್ಯೇಕ ಉಲ್ಲೇಖಗಳಾಗಿ ಕೊಡುವುದು ಯುಕ್ತ. ಸಾಲಿನ ಕೊನೆಯಲ್ಲಿ ಒಡೆದ ಪದವನ್ನು ಅನುವಾದಕನು ಸಂದರ್ಭದೊಡನೆ, ಸಾಧ್ಯವಾದರೆ ಬೇರೊಂದು ಮುದ್ರಣದೊಡನೆ, ತಾಳೆನೋಡಬೇಕು. ಇಂತಹ ಪದಗಳಲ್ಲಿ ಹೈಫನ್ ಬರಿಯ ಲೇಖನ ಚಿಹ್ನೆಯಲ್ಲ, ಪದರಚನೆಯ ಅಂಗ.